ಇಕ್ಕಟ್ಟಿನ ನಟ್‌ಗೆ ಗಿಡ್ಡ ಪಾನಾ: ನನ್ನ ಅನುಭವ

ಬ್ಯಾಡಗಿಯ ಖಾರ ಕುಟ್ಟುವ ಯಂತ್ರದ 2 ಎಚ್‌ಪಿ ಮೋಟರ್. ಬೆಲ್ಟ್ ಬಿಗಿ ಮಾಡಬೇಕೆಂದರೆ ಹಿಂದಿನ ಕಾಲಿನ ಎಂ8 (8 ಎಂ.ಎಂ. ಬೋಲ್ಟಿನ) ನಟ್ ಸಡಿಲಿಸಲೇಬೇಕು. ಅದು ಮೋಟರ್ ಕೂರುವ ಕಬ್ಬಿಣದ ಚಾನಲ್ ಮತ್ತು ಗೋಡೆ ನಡುವಿನ 22 ಎಂ.ಎಂ. ಸಂದಿಯಲ್ಲಿದೆ. ಪಾನಾ ತಿರುಗಲು 10 ಡಿಗ್ರಿಗಿಂತ ತುಸು ಹೆಚ್ಚು ಜಾಗ, ಅಷ್ಟೇ.

ಈ ನಟ್‌ಗೆ ಕೂರುವ 13 ಎಂ.ಎಂ. ಓಪನ್ ಪಾನಾ ಮಗುಚಿ ಹಾಕಿದರೂ 30 ಡಿಗ್ರಿ ಬೇಕು. ಹನ್ನೆರಡು ಮೂಲೆಯ ರಿಂಗ್‌ಗೂ ಅಷ್ಟೇ ಬೇಕು. ಸಾಕೆಟ್ ಎತ್ತರ ಹೆಚ್ಚಾಗಿ ಒಳಗೇ ಹೋಗಲಿಲ್ಲ. ರಿಂಗ್ ಪಾನಾ ಕಾಯಿಸಿ ಬಗ್ಗಿಸಿದರೆ ಕ್ರೋಮ್ ವೆನೇಡಿಯಂ ಉಕ್ಕಿನ ಹದ ಹೋಗಿ ಒಳಮೂಲೆಗಳು ಸವೆದವು.

ಕೆಲಸ ಕೊಟ್ಟಿದ್ದು 72 ಹಲ್ಲಿನ 13ರ ರ‍್ಯಾಚೆಟ್ ರಿಂಗ್ ಪಾನಾ. ತಲೆಯೊಳಗೆ ಹಲ್ಲುಚಕ್ರ ಇರುವುದರಿಂದ ಪಾನಾ ತೆಗೆಯದೆ ಹಿಂದೆ ಮುಂದೆ ಆಡಿಸಿಯೇ ನಟ್ ತಿರುಗಿಸಬಹುದು; ಒಂದು ಹಲ್ಲಿಗೆ 5 ಡಿಗ್ರಿ ಸಾಕು. ಹಿಡಿಕೆಯನ್ನು 45 ಎಂ.ಎಂ. ಬಿಟ್ಟು ಗ್ರೈಂಡರ್‌ನ 1 ಎಂ.ಎಂ. ಕಟಿಂಗ್ ಡಿಸ್ಕ್‌ನಿಂದ ಕತ್ತರಿಸಿ. ಎರಡೆರಡು ಸೆಕೆಂಡ್ ಕತ್ತರಿಸಿ, ತುದಿಯನ್ನಷ್ಟೇ ನೀರಿಗೆ ಅದ್ದಿ. ಉಕ್ಕು ಕಾದಾಗ ಬರುವ ನೀಲಿ ಬಣ್ಣ ತಲೆಯ ಕಡೆ ಹರಡಬಾರದು. ರ‍್ಯಾಚೆಟ್ ಒಳಗೆ ನೀರು ಹೋದರೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ಅದಕ್ಕೇ ತಲೆಗೆ ಗ್ರೀಸ್ ತುಂಬಿಸಿಕೊಳ್ಳಿ.

ಈ ಗಿಡ್ಡ ಹಿಡಿಕೆಯಿಂದ ಕೊನೆಯ ಬಿಗಿ ಬರುವುದಿಲ್ಲ. 8.8 ಗ್ರೇಡಿನ (ಬೋಲ್ಟಿನ ಗಟ್ಟಿತನದ ದರ್ಜೆ) ಎಂ8ಗೆ ಸುಮಾರು 25 ನ್ಯೂಟನ್-ಮೀಟರ್ ತಿರುಗು ಬಲ ಬೇಕು, 45 ಎಂ.ಎಂ. ಹಿಡಿಕೆಯಲ್ಲಿ ಅದಕ್ಕೆ ಕೈಯ ಒತ್ತಡ 55 ಕೆ.ಜಿ. ದಾಟುತ್ತದೆ. ಮೆದು ಉಕ್ಕಿನ ಪೈಪಿನ ತುದಿ ಚಪ್ಪಟೆ ಬಡಿದು, ಹಿಡಿಕೆಗೆ ಬಿಗಿಯಾಗಿ ಕೂರುವಂತೆ ಮಾಡಿ, ಸಂದಿಯಿಂದ ಹೊರಬರಲು 30 ಡಿಗ್ರಿ ಬಗ್ಗಿಸಿ. ಬಗ್ಗಿಸುವುದು ಪೈಪನ್ನು ಮಾತ್ರ, ಪಾನಾವನ್ನಲ್ಲ. ನಟ್‌ನಿಂದ 250 ಎಂ.ಎಂ. ದೂರದಲ್ಲಿ ಹಿಡಿದರೆ 10 ಕೆ.ಜಿ. ಬಲ ಸಾಕು.

ಮೊದಲು ಗಿಡ್ಡ ಪಾನಾದಿಂದ ನಟ್ ಕೂರಿಸಿ, ಬೆಲ್ಟ್ ಎಳೆದಿಟ್ಟುಕೊಂಡು, ಆಮೇಲೆ ಪೈಪ್ ಹಾಕಿ.