ಸತ್ತ ದಿನ ಒಂದು, ಲೆಕ್ಕಕ್ಕೆ ಬಂದ ದಿನ ಇನ್ನೊಂದು: ಸಾಂಕ್ರಾಮಿಕದ ಅಲೆಯ ಲೆಕ್ಕ ಇಡುವುದು ಹೇಗೆ?

2021ರ ಮೇ ತಿಂಗಳಲ್ಲಿ ನಮ್ಮ ಅಪಾರ್ಟ್‌ಮೆಂಟ್‌ನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ದಿನಾ ಸಂಜೆ ಒಂದು ಭಾಗಾಕಾರ ಹಾಕುತ್ತಿದ್ದರು. ಇವತ್ತಿನ ಕೋವಿಡ್ ಸಾವನ್ನು ಇವತ್ತಿನ ಹೊಸ ಕೇಸಿನಿಂದ ಭಾಗಿಸುವುದು. ಮೇ 5ರಂದು ಕರ್ನಾಟಕದಲ್ಲಿ 50,112 ಹೊಸ ಕೇಸು, 346 ಸಾವು. ಅಂದರೆ ನೂರಕ್ಕೆ 0.7. ಮೇ 23ರಂದು 25,979 ಕೇಸು, 626 ಸಾವು, ನೂರಕ್ಕೆ 2.4. ‘ವೈರಸ್ ಮೂರು ಪಟ್ಟು ಜೋರಾಗಿದೆ’ ಅಂತ ಬರೆದೇಬಿಟ್ಟರು. ಅವತ್ತು ರಾತ್ರಿ ಗುಂಪಿನಲ್ಲಿ ಯಾರಿಗೂ ನಿದ್ದೆ ಇಲ್ಲ. ಆದರೆ 23ರ ಪಟ್ಟಿಯಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಸೋಂಕು ತಗುಲಿದ್ದು ಎರಡು ಮೂರು ವಾರದ ಹಿಂದೆ, ಕೇಸು ತುತ್ತತುದಿಯಲ್ಲಿದ್ದಾಗ. ಅವರನ್ನು ಇವತ್ತಿನ ಕೇಸಿನಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ.

ಇನ್ನೊಂದು ಅಲೆ ಬರುವುದು ಬೇಡ. ಬಂದರೆ ಲೆಕ್ಕವನ್ನು ಹೀಗೆ ಇಡಿ.

1. ಒಂದೇ ಮೂಲ ಹಿಡಿಯಿರಿ. ಆರೋಗ್ಯ ಇಲಾಖೆಯ ದಿನದ ಬುಲೆಟಿನ್ ಸಾಕು. ಟಿವಿಯ ಸ್ಕ್ರಾಲಿಂಗ್ ಬೇಡ, ಫಾರ್ವರ್ಡ್ ಆಗಿ ಬಂದ ಬಣ್ಣದ ಚಿತ್ರ ಖಂಡಿತ ಬೇಡ. ಕಡತವನ್ನು ಇಳಿಸಿಕೊಂಡು ಹೆಸರಿನಲ್ಲಿ ತಾರೀಕು ಹಾಕಿ ಇಡಿ. ‘ಆಮೇಲೆ ಸಿಗುತ್ತೆ’ ಅನ್ನಬೇಡಿ. ಎರಡು ಅಲೆಗಳ ಉದ್ದಕ್ಕೂ ದೇಶವೆಲ್ಲ ನೋಡುತ್ತಿದ್ದ ಸ್ವಯಂಸೇವಕರ ತಾಣ ‘ಕೋವಿಡ್19ಇಂಡಿಯಾ’ ಕೂಡ 2021ರ ಅಕ್ಟೋಬರ್ 31ಕ್ಕೆ ಕೆಲಸ ನಿಲ್ಲಿಸಿತು.

2. ಕಾಲಂ ಹಾಕಿ. ಲೆಕ್ಕದ ಹಾಳೆ ಮಾಡುವ ತಂತ್ರಾಂಶ ಲಿಬ್ರೆಆಫೀಸ್ ಪುಕ್ಕಟೆ ಸಿಗುತ್ತದೆ, ರೂಲ್ ಹಾಕಿದ ನೋಟ್‌ಬುಕ್ಕೂ ಆದೀತು. ಪಿಡಿಎಫ್‌ನಿಂದ ಪಟ್ಟಿ ಎತ್ತಿಕೊಡುವ ಪುಕ್ಕಟೆ ತಾಣಗಳನ್ನು ನಾನು ನಂಬಿ ಕೆಟ್ಟೆ. ಒಂದು ತಾಣ ಜಿಲ್ಲೆಯ ಹೆಸರುಗಳನ್ನು ಒಂದು ಸಾಲು ಕೆಳಗೆ ತಳ್ಳಿ, ಬೀದರಿನ ಸಂಖ್ಯೆಯನ್ನು ಪಕ್ಕದ ಜಿಲ್ಲೆಗೆ ದಾನ ಮಾಡಿತ್ತು. ಮೂರು ದಿನ ನನಗೆ ಗೊತ್ತೇ ಆಗಲಿಲ್ಲ. ಕೈಯಲ್ಲೇ ಟೈಪ್ ಮಾಡಿ, ಹತ್ತು ನಿಮಿಷದ ಕೆಲಸ.

3. ಆಸ್ಪತ್ರೆಯ ಲೆಕ್ಕ. ಇಲ್ಲಿ ಮೊದಲ ಗುಂಡಿ ಇದೆ. ‘ಸಕ್ರಿಯ ಪ್ರಕರಣ’ ಅಂದರೆ ಆಸ್ಪತ್ರೆಯಲ್ಲಿರುವವರು ಅಲ್ಲ, ಅದರಲ್ಲಿ ಬಹಳಷ್ಟು ಜನ ಮನೆಯಲ್ಲೇ ಇರುತ್ತಾರೆ. ‘ಬಿಡುಗಡೆ’ ಅಂದರೂ ಅಷ್ಟೇ. ಮನೆಯಲ್ಲೇ ಐಸೊಲೇಷನ್ ದಿನ ಮುಗಿಸಿ ಗುಣವಾದವರೂ ಆ ಸಂಖ್ಯೆಯಲ್ಲಿ ಸೇರಿರುತ್ತಾರೆ.

ಎರಡನೆಯ ಗುಂಡಿ ಇನ್ನೂ ಆಳ. ಐಸಿಯುನಲ್ಲಿ ಇರುವವರ ಸಂಖ್ಯೆ ಸಂಪಿನ ನೀರಿನ ಮಟ್ಟ ಇದ್ದ ಹಾಗೆ, ನಲ್ಲಿಯಿಂದ ಎಷ್ಟು ಬಂತು ಅಂತ ಅದು ಹೇಳುವುದಿಲ್ಲ. ನಿನ್ನೆ 40 ಜನ, ಇವತ್ತೂ 40 ಜನ ಅಂದುಕೊಳ್ಳಿ. ಯಾರೂ ಬರಲಿಲ್ಲ, ಯಾರೂ ಹೋಗಲಿಲ್ಲ ಅಂತಲೂ ಆಗಬಹುದು; ಹತ್ತು ಜನ ಬಂದರು, ನಾಲ್ವರು ವಾರ್ಡಿಗೆ ಹೋದರು, ಆರು ಜನ ತೀರಿಕೊಂಡರು ಅಂತಲೂ ಆಗಬಹುದು. ಹಾಗಾಗಿ ಹೊಸದಾಗಿ ದಾಖಲಾದವರ ಸಂಖ್ಯೆ ಎಲ್ಲಾದರೂ ಸಿಕ್ಕರೆ ಅದಕ್ಕೆ ಬೇರೆ ಕಾಲಂ ಕೊಡಿ. ಸಿಗದಿದ್ದರೆ ಒಟ್ಟು ಹಾಸಿಗೆ ಎಷ್ಟು ಅನ್ನುವುದನ್ನಾದರೂ ಪಕ್ಕದಲ್ಲಿ ಬರೆದಿಡಿ. ಯಾಕೆಂದರೆ ಹಾಸಿಗೆ ತುಂಬಿದ ಮೇಲೆ ಗ್ರಾಫಿನ ಗೆರೆ ಏರಲಾಗದೆ ತಾನಾಗಿ ಮಲಗುತ್ತದೆ. ಅದನ್ನು ನೋಡಿ ‘ಅಲೆ ಇಳೀತಾ ಇದೆ’ ಅಂದವರನ್ನು ಬೆಂಗಳೂರಿನಲ್ಲಿ ಆಗ ಎಷ್ಟೋ ಜನರನ್ನು ಕಂಡೆ. ಹೊರಗೆ ಆಂಬುಲೆನ್ಸ್ ಸಾಲುಗಟ್ಟಿ ನಿಂತಿದ್ದವು, ಅಲ್ವಾ?

4. ಸಾವಿನ ಲೆಕ್ಕ. ಎಲ್ಲರೂ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಬುಲೆಟಿನ್‌ನ ಮೊದಲ ಪುಟದಲ್ಲಿ ಇರುವುದು ಆ ದಿನ ವರದಿಯಾದ ಸಾವು, ಆ ದಿನ ಆದ ಸಾವಲ್ಲ. ನಮ್ಮ ರಾಜ್ಯದ ಬುಲೆಟಿನ್ ಒಂದು ಒಳ್ಳೆಯ ಕೆಲಸ ಮಾಡುತ್ತಿತ್ತು. ಹಿಂದಿನ ಪುಟಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಾಲು: ಜಿಲ್ಲೆ, ವಯಸ್ಸು, ಗಂಡೋ ಹೆಣ್ಣೋ, ಉಸಿರಾಟದ ತೊಂದರೆ, ಸಕ್ಕರೆ ಕಾಯಿಲೆ, ದಾಖಲಾದ ದಿನ, ಸತ್ತ ದಿನ. ಹೆಚ್ಚಿನವರು ಆ ಪುಟಕ್ಕೆ ಹೋಗುವುದೇ ಇಲ್ಲ.

ಈಗ ಒಂದು ಚೌಕ ಹಾಕಿ. ಎಡಗಡೆ ಮೇಲಿನಿಂದ ಕೆಳಕ್ಕೆ ಸತ್ತ ದಿನ, ಮೇಲುಗಡೆ ಎಡದಿಂದ ಬಲಕ್ಕೆ ಬುಲೆಟಿನ್ ದಿನ. ಮೇ 19ರ ಬುಲೆಟಿನ್‌ನಲ್ಲಿ ಒಂದು ಸಾಲು ಇದೆ ಅಂದುಕೊಳ್ಳಿ: 58 ವರ್ಷದ ಗಂಡಸು, 2ನೇ ತಾರೀಕು ದಾಖಲು, 4ನೇ ತಾರೀಕು ಸಾವು. 4ರ ಅಡ್ಡಸಾಲು, 19ರ ಕಾಲಂ, ಅವೆರಡೂ ಸೇರುವ ಮನೆಯಲ್ಲಿ ಒಂದು ಗೀಟು. ಹೀಗೆ ಒಂದೊಂದೇ. ಅಡ್ಡಸಾಲನ್ನು ಕೂಡಿದರೆ ಆ ದಿನ ನಿಜವಾಗಿ ಸತ್ತವರು ಸಿಗುತ್ತಾರೆ. ಕಾಲಂ ಕೂಡಿದರೆ ಟಿವಿ ಹೇಳಿದ ಸಂಖ್ಯೆ.

ಎರಡು ವಾರ ಮಾಡಿದರೆ ಚೌಕದ ಎಡಗಡೆ ಕೆಳಭಾಗ ಖಾಲಿ ಉಳಿದು ಮೆಟ್ಟಿಲಿನ ಆಕಾರ ಬರುತ್ತದೆ. ಬರಲೇಬೇಕು, ಸಾಯುವ ಮೊದಲೇ ಯಾರೂ ಪಟ್ಟಿಗೆ ಬರುವುದಿಲ್ಲವಲ್ಲ. ಬಂದಿದ್ದರೆ ನೀವೋ ಬುಲೆಟಿನ್ ಟೈಪ್ ಮಾಡಿದವರೋ ತಾರೀಕು ತಪ್ಪು ಹೊಡೆದಿದ್ದೀರಿ. ನನಗೆ ಅಂಥವು ಬೇಕಾದಷ್ಟು ಸಿಕ್ಕಿವೆ.

ಇನ್ನು ಮುಖ್ಯ ವಿಷಯ. ಸತ್ತ ದಿನದ ಪ್ರಕಾರ ಗ್ರಾಫ್ ಹಾಕಿದರೆ ಕೊನೆಯ ಹತ್ತು ಹನ್ನೆರಡು ದಿನ ಯಾವಾಗಲೂ ಇಳಿಜಾರು ಕಾಣುತ್ತದೆ, ಅಲೆ ಏರುತ್ತಿದ್ದರೂ ಸಹ. ಆ ಸಾವುಗಳು ಇನ್ನೂ ಪಟ್ಟಿಗೆ ಬಂದಿಲ್ಲ, ಅಷ್ಟೇ. ಆ ಭಾಗಕ್ಕೆ ಬೂದು ಬಣ್ಣ ಹಚ್ಚಿ, ಅದರ ಮೇಲೆ ಗೆರೆ ಎಳೆಯಬೇಡಿ. ಹಳೆಯ ಅಡ್ಡಸಾಲುಗಳಲ್ಲಿ ಮೊದಲ ವಾರದೊಳಗೆ ಎಷ್ಟು ಪಾಲು ಬಂದಿತ್ತು ನೋಡಿ. ಅರ್ಧ ಬಂದಿದ್ದರೆ, ಒಂದು ವಾರ ಹಳೆಯ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ಸುಮಾರು ಅಂದಾಜು ಸಿಗುತ್ತದೆ. ಕಣ್ಣಂದಾಜಿನಲ್ಲಿ ಗೆರೆ ಮುಂದುವರಿಸುವ ಶಾರ್ಟ್‌ಕಟ್ ಮಾತ್ರ ಬೇಡ.

ಹಳೆ ಬಾಕಿ ಒಟ್ಟಿಗೆ ಬರುವುದೂ ಉಂಟು. ಬಿಹಾರ 2021ರ ಜೂನ್ 9ರಂದು ಪರಿಶೀಲನೆ ಮಾಡಿ 3,951 ಹಳೆಯ ಸಾವುಗಳನ್ನು ಒಂದೇ ಏಟಿಗೆ ಸೇರಿಸಿತು. ಮರುದಿನ ಬೆಳಿಗ್ಗೆ ದೇಶದ ಲೆಕ್ಕ ಒಂದೇ ದಿನಕ್ಕೆ 6,148 ಸಾವು. ಇಂಥ ದಿನ ಪಕ್ಕದಲ್ಲಿ ಟಿಪ್ಪಣಿ ಬರೆದಿಡಿ, ಇಲ್ಲದಿದ್ದರೆ ಆರು ತಿಂಗಳ ಮೇಲೆ ನೀವೇ ಗಾಬರಿಯಾಗುತ್ತೀರಿ.

5. ಏಳು ದಿನದ ಸರಾಸರಿ ತೆಗೆಯಿರಿ. ಭಾನುವಾರದ ರಜೆಗೆ ವರದಿ ಕಡಿಮೆಯಾಗುವುದು ಅದರಲ್ಲಿ ಕರಗುತ್ತದೆ.

6. ಲಕ್ಷಕ್ಕೆ ಎಷ್ಟು ಅಂತ ಭಾಗಿಸಿ. 2011ರ ಜನಗಣತಿಯಲ್ಲಿ ಕೊಡಗಿನಲ್ಲಿ ಐದೂವರೆ ಲಕ್ಷ ಜನ, ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ. ಎರಡೂ ಕಡೆ ಹತ್ತು ಹತ್ತು ಸಾವು ಅಂದರೆ ಒಂದೇ ಅಲ್ಲ. ಮತ್ತೆ ದಯವಿಟ್ಟು ತ್ರೀಡಿ ಪೈ ಚಾರ್ಟ್ ಮಾಡಬೇಡಿ.

7. ಕೊನೆಗೆ ಎಲ್ಲ ಸಾವುಗಳ ಜೊತೆ ತಾಳೆ ನೋಡಿ. ಬುಲೆಟಿನ್‌ನಲ್ಲಿ ಇರುವುದು ಪರೀಕ್ಷೆ ಆಗಿ, ಕೋವಿಡ್ ಅಂತ ಬರೆಸಿಕೊಂಡವರು ಮಾತ್ರ. ಮನೆಯಲ್ಲೇ ಹೋದವರು ಜನನ ಮರಣ ನೋಂದಣಿಯಲ್ಲಿ ಸಿಗುತ್ತಾರೆ. ದೇಶದಲ್ಲಿ 2019ರಲ್ಲಿ ಸುಮಾರು 76 ಲಕ್ಷ ಸಾವು ನೋಂದಣಿಯಾಗಿತ್ತು, 2020ರಲ್ಲಿ 81 ಲಕ್ಷ, 2021ರಲ್ಲಿ 1.02 ಕೋಟಿ. ಆ ಏರಿಕೆಯೆಲ್ಲ ಕೋವಿಡ್ ಅಲ್ಲ, ನೋಂದಣಿ ಮಾಡಿಸುವವರೂ ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿದ್ದಾರೆ. ಅದಕ್ಕೇ ಒಂದು ವರ್ಷದ ಜೊತೆ ಹೋಲಿಸಬೇಡಿ, ಹಿಂದಿನ ನಾಲ್ಕೈದು ವರ್ಷದ ಅದೇ ತಿಂಗಳನ್ನು ಸಾಲಾಗಿ ಇಟ್ಟು ನೋಡಿ. ನೋಂದಣಿಗೆ 21 ದಿನ ಗಡುವು ಇದೆ, ಅದು ಮುಗಿದ ಮೇಲೂ ಜನ ಬರುತ್ತಲೇ ಇರುತ್ತಾರೆ. ಮೇ ತಿಂಗಳ ಲೆಕ್ಕವನ್ನು ಆಗಸ್ಟ್‌ಗೆ ಮೊದಲು ಮುಟ್ಟಬೇಡಿ.

ನನ್ನ ನೋಟ್‌ಬುಕ್‌ನಲ್ಲಿ ಮೇ 11ರಿಂದ 13ರವರೆಗೆ ಮೂರು ಕಾಲಂ ಇನ್ನೂ ಖಾಲಿ ಇವೆ. ಆ ಮೂರು ದಿನ ನಾನು ಚಿಕ್ಕಪ್ಪನಿಗೆ ಹಾಸಿಗೆ ಹುಡುಕುತ್ತಿದ್ದೆ.