ಸೈಡ್ ಮಿರರ್ ಅಲ್ಲಾಡ್ತಿಲ್ವಾ? ಅಸೆಂಬ್ಲಿ ತಗೊಳೋಕ್ ಮುಂಚೆ ಇಷ್ಟು ಚೆಕ್ ಮಾಡಿ

ಪವರ್ ಮಿರರ್ ನಿಂತೋಯ್ತು ಅಂತ ಕಾರು ತಗೊಂಡು ಹೋದ್ರೆ ಬೆಂಗಳೂರಲ್ಲಿ ಮೊದಲು ಬರೋ ಉತ್ತರ ಒಂದೇ, "ಅಸೆಂಬ್ಲಿ ಹೋಗಿದೆ ಸಾರ್, ಹೊಸದು ಹಾಕ್ಬೇಕು". ಅಸೆಂಬ್ಲಿ ಅಂದ್ರೆ ಗ್ಲಾಸು, ಮೋಟ್ರು, ಇಂಡಿಕೇಟರ್, ಬಣ್ಣದ ಕವರ್ ಎಲ್ಲಾ ಸೇರಿ, ಬಿಲ್ಲು ಸಾವಿರಗಳಲ್ಲೇ ಬರೋದು. ಬೈಕಿನವನು ಹೊಡ್ಕೊಂಡು ಹೋಗಿ ಮಿರರ್ ಒಡೆದಿದ್ರೆ ಸರಿ, ಹಾಕ್ಸಿ. ಆದ್ರೆ ಹೊರಗಿಂದ ಚೆನ್ನಾಗೇ ಇದ್ದು ಒಂದಿನ ಸುಮ್ನೆ ನಿಂತಿದ್ರೆ ಮಿರರ್ ಒಳಗಡೆ ಏನೂ ಆಗಿರದೇ ಇರೋ ಸಾಧ್ಯತೆನೇ ಜಾಸ್ತಿ. ಫ್ಯೂಸು, ಸ್ವಿಚ್ಚು, ಇಲ್ಲಾ ಡೋರ್ ಸಂದಿಲಿ ತುಂಡಾಗಿರೋ ಒಂದು ವೈರು. ಯಾವುದು ಅಂತ ಕಂಡುಹಿಡಿಯೋಕೆ ಏನೂ ಬಿಚ್ಚೋಕ್ ಮುಂಚೆ ಸೀಟಲ್ಲಿ ಕೂತ್ಕೊಂಡು ಸ್ವಿಚ್ ಒತ್ತಿ ನೋಡಿದ್ರೆ ಅರ್ಧ ಗೊತ್ತಾಗುತ್ತೆ.

ಮೊದಲು ಒಳಗಡೆ ಏನಿರುತ್ತೆ ಅಂತ ತಿಳ್ಕೊಳಿ, ಕಷ್ಟ ಏನಿಲ್ಲ. ಗ್ಲಾಸ್ ಹಿಂದೆ ಎರಡು ಪುಟ್ಟ ಡಿಸಿ ಮೋಟ್ರು, ಒಂದು ಮೇಲೆ ಕೆಳಗೆ, ಇನ್ನೊಂದು ಎಡ ಬಲ. ಸಾಮಾನ್ಯವಾಗಿ ಇವೆರಡಕ್ಕೂ ಸೇರಿ ಮೂರೇ ವೈರು, ಒಂದೊಂದು ಮೋಟ್ರಿಗೆ ಒಂದೊಂದು, ಮೂರನೇದು ಇಬ್ಬರಿಗೂ ಕಾಮನ್. ಸ್ವಿಚ್ ಮಾಡೋ ಕೆಲಸ ಇಷ್ಟೇ, ಪ್ಲಸ್ಸು ಮೈನಸ್ಸು ಅದಲುಬದಲು ಮಾಡೋದು, ಹಾಗೆ ಮಾಡಿದ್ರೆ ಮೋಟ್ರು ಉಲ್ಟಾ ತಿರುಗುತ್ತೆ. ಅಂದ್ರೆ ಇಲ್ಲಿ ಯಾವ ವೈರೂ ಖಾಯಂ ಅರ್ಥ್ ಅಲ್ಲ, ಅದನ್ನ ನೆನಪಿಟ್ಕೊಳಿ, ಮಲ್ಟಿಮೀಟರ್ ಹಿಡಿಯುವಾಗ ಬೇಕಾಗುತ್ತೆ. ಮಡಚೋ ಮಿರರ್ ಆದ್ರೆ ಅದಕ್ಕೆ ಬೇರೆ ಮೋಟ್ರು, ಬೇರೆ ಎರಡು ವೈರು. ಇಂಡಿಕೇಟರ್, ಹೀಟರ್, ಕ್ಯಾಮೆರಾ ಇದ್ರೆ ಅವುಗಳ ವೈರುಗಳೂ ಬಹಳ ಕಾರಲ್ಲಿ ಅದೇ ಕಪ್ಲರ್‌ಗೆ (ವೈರುಗಳನ್ನ ಜೋಡಿಸೋ ಪ್ಲಾಸ್ಟಿಕ್ ಪ್ಲಗ್ಗು) ಬಂದು ಸೇರ್ತವೆ, ಅದಕ್ಕೇ ಕಪ್ಲರ್ ತೆಗೆದಾಗ ಅಷ್ಟೊಂದು ಬಣ್ಣ ನೋಡಿ ಗಾಬರಿ ಆಗೋದು.

ಈಗ ಇಗ್ನಿಷನ್ ಆನ್ ಮಾಡಿ (ಬಹಳ ಕಾರಲ್ಲಿ ಎಸಿಸಿ, ಅಂದ್ರೆ ಕೀಯ ಮೊದಲ ಹಂತ, ಅಥವಾ ಆನ್ ಇಲ್ದೆ ಮಿರರ್ ಅಲ್ಲಾಡಲ್ಲ), ಎಡ ಮಿರರೋ ಬಲ ಮಿರರೋ ಅಂತ ಆರಿಸೋ ಸೆಲೆಕ್ಟರ್ ಮಧ್ಯದಲ್ಲಿ ನಿಂತಿಲ್ಲ ತಾನೇ ಅಂತ ನೋಡ್ಕೊಳಿ. ನಗಬೇಡಿ, ಕಾರು ತೊಳೆಯೋರು ಬಟ್ಟೆಲಿ ಒರೆಸುವಾಗ ಆ ನಾಬ್ ಮಧ್ಯಕ್ಕೆ ಬಂದು ಓನರ್ ಗ್ಯಾರೇಜಿಗೆ ಓಡೋದು ನಿಜವಾಗ್ಲೂ ಆಗುತ್ತೆ. ಇನ್ನೊಂದು, ರಿವರ್ಸ್ ಹಾಕಿದಾಗ ಗ್ಲಾಸ್ ತಾನಾಗೇ ಕೆಳಗೆ ಬಗ್ಗುತ್ತೆ ಅಂತ ದೂರೋರಿದ್ದಾರೆ, ಅದು ಫಾಲ್ಟ್ ಅಲ್ಲ, ಕೆಲವು ಕಾರಲ್ಲಿ ಫುಟ್‌ಪಾತ್ ಅಂಚು ಕಾಣ್ಲಿ ಅಂತ ಕೊಟ್ಟಿರೋ ಫೀಚರ್ರು.

ಎರಡೂ ಮಿರರ್ ಎಲ್ಲಾ ಕಡೆಗೂ ಸತ್ತಿದ್ರೆ ಮೋಟ್ರು ಬಗ್ಗೆ ಯೋಚನೆನೇ ಬೇಡ, ನಾಲ್ಕು ಮೋಟ್ರು ಒಟ್ಟಿಗೆ ಸಾಯಲ್ಲ. ಫ್ಯೂಸು, ಸ್ವಿಚ್ಚಿಗೆ ಬರೋ ಸಪ್ಲೈ, ಸ್ವಿಚ್ಚಿನ ಅರ್ಥ್, ಇಲ್ಲಾ ಸ್ವಿಚ್ಚೇ. ಒಂದೇ ಕಡೆ ಮಿರರ್ ಪೂರ್ತಿ ಸತ್ತಿದ್ರೆ ಆ ಕಡೆಯ ಕಾಮನ್ ವೈರು, ಕಪ್ಲರ್ರು, ಡೋರ್ ಹಿಂಜ್ (ಕೀಲು) ಹತ್ರದ ವೈರಿಂಗು. ಒಂದೇ ಮಿರರ್ರು ಮೇಲೆ ಕೆಳಗೆ ಆಗುತ್ತೆ ಎಡ ಬಲ ಆಗಲ್ಲ ಅಂದ್ರೆ ಆ ಮೋಟ್ರು ಅಥವಾ ಅದರ ಒಂದು ವೈರು. ಮೇಲೆ ಹೋಗುತ್ತೆ ಆದ್ರೆ ಕೆಳಗೆ ಬರಲ್ಲ ಅಂದ್ರೆ ಮೋಟ್ರು ಚೆನ್ನಾಗಿದೆ ಅಂತ ಅರ್ಥ, ಯಾಕಂದ್ರೆ ಅದೇ ಮೋಟ್ರು ಅದೇ ವೈರಲ್ಲಿ ಎರಡೂ ಕಡೆ ತಿರುಗಬೇಕು, ಅನುಮಾನ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಮೇಲೆ. ಜ್ಯೂಂ ಅಂತ ಸದ್ದು ಬರುತ್ತೆ ಗ್ಲಾಸ್ ಅಲ್ಲಾಡಲ್ಲ ಅಂದ್ರೆ ಕರೆಂಟಿನ ಸಮಸ್ಯೆನೇ ಅಲ್ಲ, ಒಳಗೆ ಪ್ಲಾಸ್ಟಿಕ್ ಗೇರ್ ಸವೆದಿದೆ ಅಥವಾ ಗ್ಲಾಸು ಕ್ಲಿಪ್ಪಿಂದ ಬಿಟ್ಕೊಂಡಿದೆ.

ಫ್ಯೂಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮ್ಯಾನ್ಯುಯಲ್‌ನಲ್ಲಿ ಮಿರರ್ ಅಂತ ಬರೆದಿರೋ ಫ್ಯೂಸ್ ಹುಡುಕಿ, ಕಣ್ಣಲ್ಲಿ ನೋಡಿ ಸರಿ ಇದೆ ಅನ್ಬೇಡಿ, ಇಗ್ನಿಷನ್ ಆನ್ ಇಟ್ಟು, ಮೀಟರಿನ ಕಪ್ಪು ಮೊನೆ ಬಾಡಿಗೆ, ಕೆಂಪು ಮೊನೆ ಫ್ಯೂಸಿನ ಮೇಲಿನ ಎರಡು ಪುಟ್ಟ ಲೋಹದ ಚುಕ್ಕೆಗೆ ಒಂದಾದ್ಮೇಲೊಂದು ಇಟ್ಟು ಎರಡೂ ಕಡೆ ವೋಲ್ಟೇಜ್ ಬರ್ತಿದ್ಯಾ ನೋಡಿ. ಹೋಗಿದ್ರೆ ಅದೇ ರೇಟಿಂಗ್ ಹಾಕಿ, 7.5 ಆಂಪಿಯರ್ ಕಂದು ಬಣ್ಣ, 10 ಕೆಂಪು, 15 ನೀಲಿ. ಕೆಂಪು ಸುಟ್ಟಿದೆ ಅಂತ ಕೈಗೆ ಸಿಕ್ಕಿದ ನೀಲಿ ಹಾಕಿದ್ರೆ ಮುಂದಿನ ಸಲ ಸುಡೋದು ಫ್ಯೂಸ್ ಅಲ್ಲ, ವೈರು. ಹೊಸ ಫ್ಯೂಸೂ ತಕ್ಷಣ ಹೋದ್ರೆ ಎಲ್ಲೋ ಶಾರ್ಟ್ ಇದೆ, ಡೋರ್ ತೆಗೆದಾಗ ಮಾತ್ರ ಹೋಗುತ್ತೆ ಅಂದ್ರೆ ಹಿಂಜ್ ಹತ್ರ ಸಿಪ್ಪೆ ಬಿಟ್ಟ ವೈರು ಬಾಡಿಗೆ ತಾಗ್ತಿದೆ.

ಈ ಹಿಂಜ್ ವಿಷಯ ಬಂತಲ್ಲ, ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ ಯಾಕಂದ್ರೆ ಹಳೇ ಕಾರಲ್ಲಿ ಕಳ್ಳ ಸಿಗೋದು ಹೆಚ್ಚಾಗಿ ಇಲ್ಲೇ. ಡೋರಿಗೂ ಬಾಡಿಗೂ ಮಧ್ಯೆ ಕಪ್ಪು ರಬ್ಬರ್ ಬೂಟ್ ಇರುತ್ತಲ್ಲ, ಅದರೊಳಗೆ ವೈರುಗಳು ಪ್ರತಿ ಸಲ ಡೋರ್ ತೆಗೆದು ಹಾಕಿದಾಗ ಬಗ್ಗಿ ಬಗ್ಗಿ ಕೊನೆಗೆ ತುಂಡಾಗ್ತವೆ, ಡ್ರೈವರ್ ಡೋರೇ ಜಾಸ್ತಿ ತೆಗೆಯೋದ್ರಿಂದ ಅಲ್ಲೇ ಮೊದಲು. ತಮಾಷೆ ಏನಂದ್ರೆ ಹೊರಗಿನ ಪ್ಲಾಸ್ಟಿಕ್ ಸಿಪ್ಪೆ ಚೆನ್ನಾಗೇ ಇರುತ್ತೆ, ಒಳಗೆ ತಾಮ್ರ ಮಾತ್ರ ಕಟ್ಟು, ಒಂದೊಂದನ್ನೇ ಮೆಲ್ಲಗೆ ಎಳೆದು ನೋಡಿದ್ರೆ ರಬ್ಬರ್ ಥರ ಹಿಗ್ಗುತ್ತೆ, ಅದೇ ಗುರುತು. ಬೂಟ್ ಬಿಚ್ಚೋಕ್ ಮುಂಚೆ ಸುಲಭದ ಟೆಸ್ಟ್ ಒಂದಿದೆ, ಮಿರರ್ ಸ್ವಿಚ್ ಒತ್ತಿ ಹಿಡ್ಕೊಂಡು ಡೋರನ್ನ ನಿಧಾನವಾಗಿ ತೆಗೆದು ಮುಚ್ಚಿ, ಇನ್ನೊಬ್ರು ಬೂಟ್ ಹಿಸುಕಲಿ, ಮಧ್ಯೆ ಎಲ್ಲಾದ್ರೂ ಮಿರರ್ ಒಂದ್ಸಲ ಮಿಸುಕಾಡಿದ್ರೆ ಸಿಕ್ತು ಅಂದ್ಕೊಳಿ. ಪವರ್ ವಿಂಡೋ, ಸೆಂಟ್ರಲ್ ಲಾಕು, ಡೋರ್ ಸ್ಪೀಕರ್ರೂ ಆಗಾಗ ಕೈ ಕೊಡ್ತಿದ್ರೆ ಅನುಮಾನನೇ ಬೇಡ.

ಬಹಳ ಜನ ತಪ್ಪಿಸ್ಕೊಳ್ಳೋದು ಇನ್ನೊಂದಿದೆ. ಸ್ವಿಚ್ ಡ್ರೈವರ್ ಡೋರಲ್ಲಿದ್ದು ಮಿರರ್‌ಗೆ ನೇರ ವೈರ್ ಇರೋ ಕಾರಾದ್ರೆ, ಎಡಗಡೆ ಮಿರರಿನ ವೈರು ಎಲ್ಲಿಂದ ಹೋಗುತ್ತೆ ಯೋಚನೆ ಮಾಡಿ. ಬಲ ಡೋರಿಂದ ಹೊರಟು ಬಲ ಹಿಂಜ್ ದಾಟಿ, ಡ್ಯಾಶ್‌ಬೋರ್ಡ್ ಕೆಳಗೆ ಹಾದು, ಎಡ ಹಿಂಜ್ ದಾಟಿ ಎಡ ಮಿರರ್‌ಗೆ. ಅಂದ್ರೆ ಎಡ ಮಿರರ್ ಸತ್ತಿದೆ ಅಂತ ಎಡ ಡೋರ್ ಬಿಚ್ಚಿ ದಿನ ಕಳೆದ್ರೂ ಸಿಗದೇ ಇರೋದು ಬಲ ಡೋರಲ್ಲಿ ಸಿಗಬಹುದು. ಸ್ವಿಚ್ ಡ್ಯಾಶ್‌ಬೋರ್ಡಲ್ಲಿರೋ ಕಾರಾದ್ರೆ ಈ ಸುತ್ತಾಟ ಇಲ್ಲ, ಎಡದ್ದು ಎಡಕ್ಕೆ ಬಲದ್ದು ಬಲಕ್ಕೆ.

ಈಗ ಮೀಟರ್ ಹಿಡಿಯೋಣ. ಎಸ್‌ಪಿ ರೋಡಲ್ಲಿ ಸಿಗೋ ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು, ಜೊತೆಗೆ ಒಂದು 5 ವ್ಯಾಟ್ ಪಾರ್ಕಿಂಗ್ ಬಲ್ಬಿಗೆ ಎರಡು ವೈರ್ ಕಟ್ಟಿ ಟೆಸ್ಟ್ ಲ್ಯಾಂಪ್ ಮಾಡ್ಕೊಳಿ. ಮಿರರ್ ಕಪ್ಲರ್ ಹಿಡಿಯೋಕೆ ಎಲ್ಲಾ ಕಾರಲ್ಲೂ ಡೋರ್ ಪ್ಯಾಡ್ (ಡೋರಿನ ಒಳಗಡೆ ಪ್ಯಾನಲ್) ಪೂರ್ತಿ ಬಿಚ್ಚಬೇಕಾಗಿಲ್ಲ, ಮಿರರ್ ಹಿಂದೆ ಒಳಗಡೆ ಇರೋ ತ್ರಿಕೋನದ ಕವರ್ ಕಿತ್ರೆ ಕೆಲವು ಕಾರಲ್ಲಿ ನಟ್ಟು, ಕಪ್ಲರ್ರು ಅಲ್ಲೇ ಕಾಣುತ್ತೆ. ಪ್ಯಾಡ್ ತೆಗಿಯಲೇ ಬೇಕು ಅಂದ್ರೆ ಹ್ಯಾಂಡಲ್ ಹಿಂದೆ, ಆರ್ಮ್‌ರೆಸ್ಟ್ ಮುಚ್ಚಳದ ಕೆಳಗೆ ಅಡಗಿರೋ ಸ್ಕ್ರೂ ಮರೀಬೇಡಿ, ಉಳಿದಿದ್ದು ಕ್ಲಿಪ್ಪು, ಸ್ಕ್ರೂಡ್ರೈವರ್ ತುರುಕೋ ಬದಲು ಪ್ಲಾಸ್ಟಿಕ್ ಟೂಲಲ್ಲಿ ಮೀಟಿ. ಡೋರ್ ಬಿಚ್ಚೋ ಮುಂಚೆ ಬ್ಯಾಟರಿ ಮೈನಸ್ ತೆಗೆದು ಸ್ವಲ್ಪ ಹೊತ್ತು ಬಿಡಿ, ಸೈಡ್ ಏರ್‌ಬ್ಯಾಗ್ ಇರೋ ಕಾರಲ್ಲಿ ಡೋರೊಳಗೆ ಅದರ ಸೆನ್ಸರ್ ಇರಬಹುದು, ಏರ್‌ಬ್ಯಾಗಿನ ಹಳದಿ ಕಪ್ಲರ್ ಕಂಡ್ರೆ ಮೀಟರ್ರೂ ಬೇಡ, ಬಲ್ಬೂ ಬೇಡ. ಆಮೇಲೆ ವೋಲ್ಟೇಜ್ ನೋಡೋಕೆ ಬ್ಯಾಟರಿ ವಾಪಸ್ ಹಾಕುವಾಗ ಬಿಚ್ಚಿದ ಸೆನ್ಸರ್ ಕಪ್ಲರ್ ಏನಾದ್ರೂ ಇದ್ರೆ ಅದು ಕೂತಿದೆ ಅಂತ ಖಾತ್ರಿ ಮಾಡ್ಕೊಳಿ, ಇಲ್ಲಾಂದ್ರೆ ಏರ್‌ಬ್ಯಾಗ್ ಲೈಟ್ ಬಂದು ಅದಕ್ಕೊಂದು ಖರ್ಚು.

ಕಪ್ಲರ್ ತೆಗೆದು ವೈರಿಂಗ್ ಕಡೆಯ ಪಿನ್ನಿಗೆ ಮೀಟರ್ ಇಡಿ, ಡಿಸಿ 20 ವೋಲ್ಟ್ ರೇಂಜು, ಒಂದು ಪ್ರೋಬ್ (ಮೀಟರಿನ ಮೊನೆ) ಕಾಮನ್‌ಗೆ ಇನ್ನೊಂದು ಆ ಮೋಟ್ರಿನ ಪಿನ್ನಿಗೆ. ಬಾಡಿಗೆ ಇಡಬೇಡಿ, ಆಗಲೇ ಹೇಳಿದ್ನಲ್ಲ ಇಲ್ಲಿ ಖಾಯಂ ಅರ್ಥ್ ಇಲ್ಲ. ಒಳಗಿಂದ ಒಬ್ರು ಮೇಲೆ ಒತ್ತಿದಾಗ 12 ವೋಲ್ಟ್ ಆಸುಪಾಸು, ಕೆಳಗೆ ಒತ್ತಿದಾಗ ಅದೇ ಮೈನಸ್ಸಲ್ಲಿ ಬಂದ್ರೆ ವೈರಿಂಗ್ ಸರಿ ಇದೆ ಅನ್ಸುತ್ತೆ. ಅನ್ಸುತ್ತೆ ಅಂತ ಯಾಕಂದೆ ಅಂದ್ರೆ ಹಸಿರು ಹಿಡಿದ ಒಂದೆರಡು ಎಳೆ ಮಾತ್ರ ಉಳಿದಿದ್ರೂ ಮೀಟರ್ 12 ತೋರಿಸುತ್ತೆ, ಅದು ಕರೆಂಟ್ ಎಳೆಯೋದೇ ಇಲ್ವಲ್ಲ. ಅದೇ ಪಿನ್ನಿಗೆ ಬಲ್ಬ್ ಇಡಿ, ಮಂಕಾಗಿ ಉರಿದ್ರೆ ಅಥವಾ ಉರೀದೇ ಇದ್ರೆ ದಾರಿಲಿ ಎಲ್ಲೋ ಜಾಯಿಂಟ್ ಹಾಳಾಗಿದೆ.

ಬಲ್ಬ್ ಚೆನ್ನಾಗಿ ಉರಿದ್ರೆ ಆಗ ಮಾತ್ರ ಮಿರರ್ ಮೇಲೆ ಅನುಮಾನ ಪಡಿ. ಮನೇಲಿ ಹಳೇ ವೈಫೈ ರೂಟರಿನ 12 ವೋಲ್ಟ್ ಅಡಾಪ್ಟರ್ ಬಿದ್ದಿರುತ್ತಲ್ಲ, ಅದರ ಎರಡು ವೈರನ್ನ ಮಿರರ್ ಕಡೆಯ ಕಾಮನ್ನಿಗೂ ಮೋಟ್ರು ಪಿನ್ನಿಗೂ ಒಂದೆರಡು ಸೆಕೆಂಡ್ ಮುಟ್ಟಿಸಿ, ಉಲ್ಟಾ ಮಾಡಿ ಮತ್ತೆ ಮುಟ್ಟಿಸಿ. ಎರಡೂ ಕಡೆ ಓಡಿದ್ರೆ ಮೋಟ್ರು ನಿರಪರಾಧಿ. ಕ್ಯಾಮೆರಾ, ಸೆನ್ಸರ್ ಪಿನ್ನಿಗೆ ಮಾತ್ರ ಅಪ್ಪಿತಪ್ಪಿಯೂ ಕೊಡಬೇಡಿ, ಯಾವ ಪಿನ್ ಯಾವುದು ಅಂತ ಆ ಮಾಡೆಲ್ಲಿನ ವೈರಿಂಗ್ ಡಯಾಗ್ರಾಂ ನೋಡಿ ಖಾತ್ರಿ ಆದ್ಮೇಲೇ ಮುಟ್ಟಿಸಿ. ಮಡಚೋ ಮೋಟ್ರು ಜಾಸ್ತಿ ಕರೆಂಟ್ ಎಳೆಯುತ್ತೆ, ಸಣ್ಣ ಅಡಾಪ್ಟರ್ ಕುಸಿದ್ರೆ ಮೋಟ್ರು ಹೋಯ್ತು ಅಂತ ತೀರ್ಮಾನ ಮಾಡಬೇಡಿ.

ಮಡಚೋ ವಿಷಯಕ್ಕೆ ಬಂದ್ರೆ, ಮಲ್ಲೇಶ್ವರದ ಕ್ರಾಸ್‌ಗಳಲ್ಲಿ, ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ದಿನಕ್ಕೆ ಎಷ್ಟು ಸಲ ಮಡಚ್ತೀವೋ ಲೆಕ್ಕ ಇಲ್ಲ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಬೈಕಿನೋರು ಕೈಯಲ್ಲೇ ಮಡಚಿಬಿಟ್ಟು ಹೋಗ್ತಾರೆ. ಹಾಗೆ ಬಲವಂತವಾಗಿ ಮಡಚಿದಾಗ ಒಳಗಿನ ಕ್ಲಚ್ ಜಾಗ ಬಿಟ್ಟು ಟಕ ಟಕ ಅನ್ನುತ್ತೆ, ಮಿರರ್ ಸಡಿಲ ಇರುತ್ತೆ. ಇದಕ್ಕೆ ಬಿಚ್ಚೋದೇ ಬೇಡ, ಸ್ವಿಚ್ಚಲ್ಲೇ ಒಂದೆರಡು ಸಲ ಪೂರ್ತಿ ಮಡಚಿ ಬಿಡಿಸಿ, ಟಕ್ ಅಂತ ತಾನೇ ಕೂತ್ಕೊಳ್ಳುತ್ತೆ. ಕೂತ್ಮೇಲೂ ಸದ್ದು ನಿಲ್ಲದೇ ಇದ್ರೆ ಗೇರ್ ಹಲ್ಲು ಹೋಗಿದೆ. ಲಾಕ್ ಮಾಡಿದಾಗ ತಾನಾಗೇ ಮಡಚಲಿ ಅಂತ ಹೊರಗಡೆ ಅಂಗಡೀಲಿ ಮಾಡ್ಯೂಲ್ ಹಾಕ್ಸಿದ್ರೆ ಮೊದಲು ಅದನ್ನ ತೆಗೆದು ಒರಿಜಿನಲ್ ವೈರಿಂಗ್ ಜೋಡಿಸಿ ನೋಡಿ, ಆ ಬರೀ ಟೇಪ್ ಸುತ್ತಿದ ಜಾಯಿಂಟುಗಳು ಮಿರರ್ ಕೆಲಸ ಕೆಡಿಸಬಹುದು, ಮಾಡ್ಯೂಲು ರಾತ್ರಿ ಬ್ಯಾಟರಿನೂ ಕುಡಿಯಬಹುದು.

ಈಗಿನ ಕಾರುಗಳಲ್ಲಿ ಒಂದು ಎಚ್ಚರ. ಕೆಲವದರಲ್ಲಿ ಸ್ವಿಚ್ಚಿಗೂ ಮೋಟ್ರಿಗೂ ನೇರ ಸಂಬಂಧನೇ ಇಲ್ಲ, ಸ್ವಿಚ್ ಬರೀ ಸಣ್ಣ ಸಿಗ್ನಲ್ ಕಳಿಸುತ್ತೆ, ಬಾಡಿ ಕಂಟ್ರೋಲ್ ಮಾಡ್ಯೂಲ್ ಅಥವಾ ಡೋರ್ ಮಾಡ್ಯೂಲ್ ಮೋಟ್ರು ಓಡಿಸುತ್ತೆ. ಅಂಥ ಕಡೆ ಸ್ವಿಚ್ ಹತ್ರ 12 ವೋಲ್ಟ್ ಹುಡುಕಿ ಸಿಗಲಿಲ್ಲ ಅಂತ ಸ್ವಿಚ್ ಬದಲಾಯಿಸಬೇಡಿ, ಬಲ್ಬ್ ಟೆಸ್ಟ್ ಲ್ಯಾಂಪ್ ಅಂತೂ ಸಿಗ್ನಲ್ ವೈರಿಗೆ ತೋರಿಸಲೇಬೇಡಿ, ಮಾಡ್ಯೂಲ್ ಹೋದ್ರೆ ಮಿರರಿಗಿಂತ ದುಬಾರಿ. ಇಲ್ಲಿ ಮಾತ್ರ ಸ್ಕ್ಯಾನರ್ ಇರೋರ ಹತ್ರ ಹೋಗಿ, ಸ್ವಿಚ್ ಒತ್ತಿದ್ದು ಮಾಡ್ಯೂಲ್‌ಗೆ ಗೊತ್ತಾಗ್ತಿದ್ಯಾ ಅಂತ ಸ್ಕ್ರೀನಲ್ಲಿ ತೋರಿಸೋಕೆ ಹೇಳಿ.

ಹಾಂ, ಸೆಕೆಂಡ್ ಹ್ಯಾಂಡ್ ಕಾರಾದ್ರೆ ಇನ್ನೊಂದು ನೋಡಿ. 2022ರ ಸೆಪ್ಟೆಂಬರ್ ಮಳೇಲಿ ಬೆಳ್ಳಂದೂರು, ಸರ್ಜಾಪುರ ರೋಡ್ ಕಡೆ ಎಷ್ಟೋ ಬೇಸ್‌ಮೆಂಟ್ ಮುಳುಗಿತ್ತು. ನೀರಲ್ಲಿ ನಿಂತ ಕಾರಲ್ಲಿ ಕಾಲ ಹತ್ರ, ಡ್ಯಾಶ್‌ಬೋರ್ಡಿನ ಪಕ್ಕದ ಪ್ಯಾನಲ್ ಹಿಂದೆ ಇರೋ ಕಪ್ಲರ್‌ಗಳು ಹಸಿರು ಹಿಡಿದಿರ್ತವೆ, ಡೋರ್ ವೈರಿಂಗ್ ಸೇರೋದೂ ಎಷ್ಟೋ ಕಾರಲ್ಲಿ ಅಲ್ಲೇ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ್ರೆ ಸ್ವಲ್ಪ ದಿನ ನಡೆಯುತ್ತೆ, ಪಿನ್ ತಿಂದುಹೋಗಿದ್ರೆ ಬದಲಾಯಿಸೋದೇ.

ಹಿಂಜ್ ಹತ್ರ ತುಂಡಾದ ವೈರಿಗೆ ತಿರುಚಿ ಟೇಪ್ ಸುತ್ತೋದು ರಿಪೇರಿ ಅಲ್ಲ, ಮತ್ತೆ ಅಲ್ಲೇ ಹೋಗುತ್ತೆ. ಹಳೇ ತುಂಡನ್ನ ಎರಡೂ ಕಡೆ ಕತ್ತರಿಸಿ ಮಧ್ಯೆ ಜಾಸ್ತಿ ಎಳೆ ಇರೋ ಮೆತ್ತನೆ ಆಟೋ ವೈರ್ ಸೇರಿಸಿ, ಜಾಯಿಂಟುಗಳು ಬಗ್ಗೋ ಜಾಗದಲ್ಲಿ ಬರಬಾರದು, ಬೂಟಿಂದ ಒಳಗೆ ಸರಿಯೋ ಹಾಗೆ ನೋಡ್ಕೊಂಡು ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಕುಗ್ಗಿ ಹಿಡಿಯೋ ಟ್ಯೂಬು) ಹಾಕಿ. ಡೋರೊಳಗಿನ ಪ್ಲಾಸ್ಟಿಕ್ ಶೀಟ್ ಹರಿದಿದ್ರೆ ಮತ್ತೆ ಅಂಟಿಸಿ, ಇಲ್ಲಾಂದ್ರೆ ಮಳೆಗಾಲದಲ್ಲಿ ಡೋರ್ ನೀರು ಕಾರ್ಪೆಟ್ಟಿಗೆ ಬರುತ್ತೆ.

ಇಷ್ಟೆಲ್ಲಾ ಮಾಡಿ ಮಿರರೇ ಹೋಗಿದೆ ಅಂತ ಗ್ಯಾರಂಟಿ ಆದ್ರೆ ಜೆಸಿ ರೋಡಲ್ಲಿ ಹೊಸದು ವಿಚಾರಿಸಿ, ಶಿವಾಜಿನಗರದ ಗುಜರಿ ಕಡೆ ಹಳೇದು ಸಿಗುತ್ತೆ. ಹಳೇದು ತಗೊಳೋರು ನಿಮ್ಮ ಮಿರರ್ ಕೈಯಲ್ಲೇ ಹಿಡ್ಕೊಂಡು ಹೋಗಿ, ಒಂದೇ ಮಾಡೆಲ್ಲಲ್ಲೂ ವೇರಿಯಂಟ್ ಪ್ರಕಾರ ಪಿನ್ ಸಂಖ್ಯೆ ಬೇರೆ ಇರಬಹುದು, ಆ ರೂಟರ್ ಅಡಾಪ್ಟರನ್ನೂ ಜೇಬಲ್ಲಿ ಇಟ್ಕೊಳಿ, ಅಂಗಡೀಲಿ ಪ್ಲಗ್ ಕೇಳಿ ನಾಲ್ಕೂ ದಿಕ್ಕಿಗೆ ಓಡಿಸಿ ನೋಡಿ, ಆಮೇಲೆ ಚೌಕಾಸಿ ಶುರು ಮಾಡಿ.