150 ಸಾಲು ಇಟ್ಟುಕೊಂಡು ಶುರು ಮಾಡಿದ್ದು

ಹಳೆಯ ನುಡಿ ಫಾಂಟ್‌ನಲ್ಲಿ ಟೈಪಾದ ಕನ್ನಡವನ್ನು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ) ತರುವ ಸ್ವತಂತ್ರ ತಂತ್ರಾಂಶವನ್ನು, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದದ್ದನ್ನು, ಹತ್ತು ಜನ ಸೇರಿ ಕಟ್ಟಬೇಕು ಅನ್ನೋದು ನನ್ನ ಆಸೆಯಾಗಿತ್ತು. ಮೊದಲ ಸಲ ಎಂಟು ತಿಂಗಳು ಒಬ್ಬನೇ ಕೂತು ಮೆನು, ಪ್ಲಗಿನ್, ಸೆಟ್ಟಿಂಗ್ಸ್ ಎಲ್ಲಾ ಬರೆದೆ. ಕೋಡ್ ತೆರೆದಿಟ್ಟಾಗ ಯಾರೂ ಬರಲಿಲ್ಲ. "ಎಲ್ಲಿ ಕೈ ಹಾಕ್ಬೇಕು ಅಂತಾನೇ ಗೊತ್ತಾಗ್ಲಿಲ್ಲ ಮಾರಾಯ" ಅಂದ ಗೆಳೆಯ. ತುಂಬಾ ನೋವಾಯಿತು.

ಆಮೇಲೆ ಗಿಟ್‌ನ ಇತಿಹಾಸ ಓದಿದೆ. ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಟ್ಟು, ಹಲವರು ಸೇರಿ ಕೆಲಸ ಮಾಡಲು ನೆರವಾಗುವ ತಂತ್ರಾಂಶ ಅದು. ಲಿನಕ್ಸ್ ಕಟ್ಟಿದ ಲೀನಸ್ ಟೋರ್ವಾಲ್ಡ್ಸ್ ಅದನ್ನು ಶುರು ಮಾಡಿದ್ದು 2005ರ ಏಪ್ರಿಲ್ 3ಕ್ಕೆ. 7ರ ಹೊತ್ತಿಗೆ ಗಿಟ್‌ನ ಕೋಡಿನ ಬದಲಾವಣೆಗಳನ್ನು ಗಿಟ್ಟೇ ದಾಖಲಿಸಿಡುತ್ತಿತ್ತು. ಒಂದೊಂದು ಕೆಲಸಕ್ಕೆ ಒಂದೊಂದು ಪುಟ್ಟ ಪ್ರೋಗ್ರಾಮ್. ಎಷ್ಟೋ ಭಾಗಗಳು ಮೊದಲು ಶೆಲ್ ಸ್ಕ್ರಿಪ್ಟ್‌ಗಳಾಗಿದ್ದು (ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಸರಳ ಫೈಲುಗಳು), ಮುಂದೆ ಒಂದೊಂದಾಗಿ ಸಿ ಭಾಷೆಗೆ ಬಂದವು. ಒಂದನ್ನು ಬದಲಿಸಲು ಉಳಿದದ್ದನ್ನು ಮುಟ್ಟಬೇಕಿರಲಿಲ್ಲ.

ನಾನೂ ಹಳೆಯದನ್ನೆಲ್ಲ ಬದಿಗಿಟ್ಟು 150 ಸಾಲು ಪೈಥಾನ್ ಬರೆದೆ. ಒಂದು ಸಾಲು ಓದುವುದು, ಪರಿವರ್ತಿಸುವುದು, ಹೊರಗೆ ಹಾಕುವುದು, ಅಷ್ಟೇ. ಯಾವ ಗುರುತಿಗೆ ಯಾವ ಅಕ್ಷರ ಅನ್ನೋ ಪಟ್ಟಿ ಬೇರೆ ಫೈಲಿನಲ್ಲಿ. ಪರೀಕ್ಷೆಯ ಪದಗಳು ಇನ್ನೊಂದರಲ್ಲಿ: ಎಡಕ್ಕೆ ನುಡಿ, ಬಲಕ್ಕೆ ಸರಿಯಾದ ಯೂನಿಕೋಡ್.

ಈ ಪದಗಳ ಫೈಲೇ ಜನರನ್ನು ಕರೆತಂದಿತು. ನುಡಿಯಲ್ಲಿ ಅರ್ಕಾವತ್ತು (‘ರ್’ ಸದ್ದಿಗೆ ಅಕ್ಷರದ ಬಲಕ್ಕೆ ಬರೆಯುವ ‘೯’ರಂಥ ಗುರುತು) ಕಣ್ಣಿಗೆ ಕಂಡ ಹಾಗೆ ಅಕ್ಷರದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ‘ಮೂರ್ತಿ’ಯಲ್ಲಿ ಅದು ‘ತಿ’ಯನ್ನು ದಾಟಿ ಹಿಂದೆ ಹೋದರೆ ಸಾಕು. ನಾನು ಅಷ್ಟನ್ನೇ ಬರೆದಿದ್ದೆ. ಡಿಟಿಪಿ ಮಾಡುವ ಒಬ್ಬ ಅಕ್ಕ, ಪ್ರೋಗ್ರಾಮಿಂಗ್ ಗೊತ್ತಿಲ್ಲದವರು, ‘ಅರ್ಘ್ಯ’ ಅಂತ ಒಂದೇ ಸಾಲು ಸೇರಿಸಿ ಕಳಿಸಿದರು. ಓಡಿಸಿದರೆ ‘ಅಘ್ರ್ಯ’ ಬಂತು! ‘ರ್’ ಒತ್ತಕ್ಷರವನ್ನು ಮಾತ್ರ ದಾಟಿ ನಿಂತಿತ್ತು. ಎರಡು ದಿನದಲ್ಲಿ ಒಬ್ಬ ವಿದ್ಯಾರ್ಥಿ ಇಡೀ ಗುಣಿತಾಕ್ಷರವನ್ನು ಒತ್ತಿನ ಸಮೇತ ದಾಟುವ ಹಾಗೆ ಆ ಒಂದು ಫಂಕ್ಷನ್ ತಿದ್ದಿದ. ಇಬ್ಬರೂ ಒಬ್ಬರನ್ನೊಬ್ಬರು ಇವತ್ತಿಗೂ ನೋಡಿಲ್ಲ.

ಬಂದ ಪ್ಯಾಚ್‌ಗೆ (ಬೇರೆಯವರು ಕಳಿಸಿದ ತಿದ್ದುಪಡಿಗೆ) ಅವತ್ತೇ ಉತ್ತರ ಕೊಡೋದನ್ನು ವ್ರತದ ಹಾಗೆ ನಡೆಸಿಕೊಂಡು ಬಂದಿದ್ದೇನೆ. ಬೇಡ ಅನ್ನೋದಾದರೂ ಕಾರಣ ಬರೆಯುತ್ತೇನೆ. ಮುಖ್ಯ ಪ್ರೋಗ್ರಾಮಿಗೆ ಮೆನು ಸೇರಿಸಿ ಅಂತ ಒಬ್ಬರು ಕೇಳಿದಾಗ ಒಪ್ಪಲಿಲ್ಲ. ಅವರು ಪ್ರತ್ಯೇಕ ರೆಪೊಸಿಟರಿಯಲ್ಲಿ (ಕೋಡ್ ಇಡುವ ಜಾಗದಲ್ಲಿ) ಮೆನು ಕಟ್ಟಿ, ಒಳಗೆ ನಮ್ಮ ಪ್ರೋಗ್ರಾಮನ್ನೇ ಕರೆಯುತ್ತಿದ್ದಾರೆ. ಆ ಡಿಟಿಪಿ ಅಕ್ಕ ಈಗ ಬಳಸೋದು ಅದನ್ನೇ.